ಸುಳ್ಳೇ ಒದರಿದ ಕಾರು

ಬೈಲಹೊಂಗಲದಲ್ಲಿ ನನ್ನ ಟೈಪಿಂಗ್ ಕ್ಲಾಸು ಮಾಳಿಗೆಯ ಮೇಲೆ, ಶಂಕ್ರೆಪ್ಪ ಮಿಸ್ತ್ರಿಯ ವೈರಿಂಗ್ ಅಂಗಡಿ ಕೆಳಗೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಮೇಲೆ ಹತ್ತು ಮಷಿನ್ನು ಟಕಟಕ ಅಂದರೆ ಕೆಳಗೆ ಯಾವುದೋ ಜೀಪಿನ ಹಾರ್ನು. ಅದಕ್ಕೆ ಹೊಂದಿಕೊಂಡಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರಿದ್ದವರಿಗೆಲ್ಲ ಅಲಾರಾಂ ಹಾಕಿಸುವ ಹುಚ್ಚು ಹತ್ತಿತು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಆ ಸುಡುಗಾಡು ಪೆಟ್ಟಿಗೆಗೆ ಒಂದಲ್ಲ, ಆರು ರಾಗ. ಕುಯ್ಯೋ ಅನ್ನುವುದು ನಿಂತಿತು ಅನ್ನುವಷ್ಟರಲ್ಲಿ ಟುಂವ್ ಟುಂವ್ ಶುರು. ನನ್ನ ಹುಡುಗಿಯರು ಅದರ ತಾಳಕ್ಕೆ ಟೈಪ್ ಮಾಡಿ ಪರೀಕ್ಷೆಯಲ್ಲಿ ಫೇಲಾದರು ಎಂದು ಈಗಲೂ ಹೇಳುತ್ತೇನೆ.

ಶಂಕ್ರೆಪ್ಪ ನನಗಿಂತ ಹೆಚ್ಚು ಬೇಸತ್ತಿದ್ದ. ಸಂಪಗಾಂವದವನು, ಟ್ರ್ಯಾಕ್ಟರಿನ ದೀಪ ರಿಪೇರಿಯಿಂದ ಕಸುಬು ಹಿಡಿದವನು. ಹಗಲೆಲ್ಲ ತಲೆ ಬಾನೆಟ್ಟಿನ ಕೆಳಗೇ ಇರುತ್ತಿದ್ದುದರಿಂದ ನಲವತ್ತೈದಕ್ಕೇ ಬೆನ್ನು ಬಾಗಿತ್ತು. ಅಲಾರಾಂ ಹಾಕಿಕೊಡುವುದು ಎರಡು ತಾಸಿನ ಕೆಲಸ. ಹಾಕಿಕೊಟ್ಟ ಮೇಲೆ ಅದು ಸುಮ್ಮಸುಮ್ಮನೆ ಒದರುತ್ತದೆ ಎಂದು ತಿರುಗಿ ಬರುವವರನ್ನು ಸಮಾಧಾನ ಮಾಡುವುದು ವರ್ಷವಿಡೀ ಕೆಲಸ.

ಸುರೇಬಾನದಿಂದ ಒಬ್ಬ ಬರುತ್ತಿದ್ದ. "ಎಮ್ಮಿ ಮೈ ತಿಕ್ಕಿದ್ರೂ ಒದರತೈತಿ, ಲಾರಿ ಹಾದ್ರೂ ಒದರತೈತಿ. ಏನ್ ಮಾಡ್ಲಿ ಮಿಸ್ತ್ರಿ?" ಅಲುಗಾಟ ಗುರುತಿಸುವುದಕ್ಕೆ ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಇರುತ್ತದೆ. ಶಂಕ್ರೆಪ್ಪ ಅದರ ಸ್ಕ್ರೂ ಅರ್ಧ ಸುತ್ತು ಹಿಂದೆ ತಿರುಗಿಸುತ್ತಿದ್ದ. ಅಷ್ಟೇ ಔಷಧ. ಎಂಟು ದಿನಕ್ಕೆ ಅದೇ ಮನುಷ್ಯ ಮತ್ತೆ ಹಾಜರು: "ಈಗ ಕೈ ಹಚ್ಚಿದ್ರೂ ಒದರವಲ್ದು. ರೊಕ್ಕಾ ಕೊಟ್ಟು ಮೂಕ ಮಾಡಿಸಿದಂಗಾತು." ಮಂದಿಗೆ ಕಳ್ಳನ ಚಿಂತೆಗಿಂತ, ತಮ್ಮ ಬಾಗಿಲಲ್ಲಿ ಕಾರು ನಿಂತಿದೆ ಎಂದು ಓಣಿಗೆಲ್ಲ ಕೇಳಿಸುವ ಚಿಂತೆ ಹೆಚ್ಚು. ರಾಮದುರ್ಗದ ಅರಿವೆ ವ್ಯಾಪಾರಿಯೊಬ್ಬರ ಗಾಡಿಯಲ್ಲಿ ಬ್ಯಾಟರಿ ಸೋತಿತ್ತು. ಕರೆಂಟು ಇಳಿದರೆ ಆ ಪೆಟ್ಟಿಗೆ, ಯಾರೋ ವೈರು ಕತ್ತರಿಸಿದರೆಂದು ತಿಳಿದು ಬಾಯಿ ಬಿಡುತ್ತದೆ. ಕಿತ್ತೂರಿನವರೊಬ್ಬರು ದೀಪಾವಳಿ ಪಾಡ್ಯಕ್ಕೆ ಬಾನೆಟ್ ಎತ್ತಿ, ಪೈಪು ಹಿಡಿದು, ಎಂಜಿನ್ನಿಗೂ ಅಭ್ಯಂಜನ ಮಾಡಿಸಿ ತಂದಿದ್ದರು. "ಗಾಡಿಗಿ ಹುಚ್ಚ ಹಿಡದಿಲ್ಲರಿ ಸರ, ಒಳಗ ನೀರ ಹೊಕ್ಕೈತಿ. ಒಣಗ್ಲಿ ಬಿಡ್ರಿ" ಎಂದು ಹೇಳಿ ಶಂಕ್ರೆಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವತ್ತು ಅದು ಏಳನೆಯ ಗಾಡಿ.

ಇಂಥ ಮನುಷ್ಯನ ಕೈಯಲ್ಲೇ ಒಂದು ತಪ್ಪಾಯಿತು.

ದುಂಡಪ್ಪ ಸಾವ್ಕಾರರದು ಊರ ಹೊರಗೆ ಜಿನ್ನು, ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಅವರ ಲಾರಿ, ಜೀಪು, ಟ್ರ್ಯಾಕ್ಟರು ಎಲ್ಲದರ ವೈರಿಂಗೂ ಶಂಕ್ರೆಪ್ಪನದೇ. ಅರ್ಧ ಅಂಗಡಿ ಅವರ ಮೇಲೆ ನಡೆಯುತ್ತಿತ್ತು. ಅವರು ಹೊಸ ಕಾರು ಕೊಂಡು ಅಲಾರಾಂ ಹಾಕಿಸಿದ ದಿನ, ಪೆಟ್ಟಿಗೆಯೊಳಗೆ ಬಾನೆಟ್ಟಿಗೆ ಕೂರಿಸುವ ಗುಂಡಿ ಮುರಿದಿತ್ತು. ಬಾನೆಟ್ ಮುಚ್ಚಿದಾಗ ಈ ಗುಂಡಿ ಒತ್ತಿಕೊಂಡಿರುತ್ತದೆ. ಯಾರಾದರೂ ಎತ್ತಿದರೆ ಸ್ಪ್ರಿಂಗಿನಿಂದ ಮೇಲೆದ್ದು ಸೈರನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಹುಬ್ಬಳ್ಳಿಯಿಂದ ಬೇರೆ ತರಿಸಲು ಎರಡು ದಿನ ಬೇಕು. ಸಾವ್ಕಾರರಿಗೆ ಸಂಜೆಗೇ ಬೇಕು. ಶಂಕ್ರೆಪ್ಪ ಹಳೆಯ ಜೀಪಿನ ಬಾಗಿಲಿನ ಗುಂಡಿಯೊಂದನ್ನು ಕೂರಿಸಿ ಕಳಿಸಿದ. ಅದು ರೂಪಾಯಿ ಬಿಲ್ಲೆಯ ದಪ್ಪದಷ್ಟು ಗಿಡ್ಡ. ಒತ್ತಿಕೊಳ್ಳುತ್ತಿತ್ತು, ಆದರೆ ಇನ್ನೇನು ಬಿಟ್ಟೇಬಿಟ್ಟಿತು ಅನ್ನುವ ಹಾಗೆ. ನಾಳೆ ಬದಲಿಸಿದರಾಯಿತು ಅಂದುಕೊಂಡ. ಅವನ ಅಂಗಡಿಯಲ್ಲಿ ನಾಳೆ ಅನ್ನುವುದು ಎಂದೂ ಬಂದದ್ದಿಲ್ಲ.

ಜಿನ್ನಿನ ಗೇಟಿನಲ್ಲಿ ಹಗಲು ಕಾವಲಿಗೆ ಹನುಮಪ್ಪ ಇದ್ದ. ದೊಡವಾಡದವನು, ಅರವತ್ತರ ಸಮೀಪ, ಹತ್ತೊಂಬತ್ತು ವರ್ಷದಿಂದ ಅದೇ ಗೇಟು. ಕಾರು ನಿಲ್ಲುತ್ತಿದ್ದುದು ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ, ಅವನ ಸ್ಟೂಲಿನಿಂದ ಮೂರು ಹೆಜ್ಜೆ.

ಬಿಳಿಜೋಳದ ಸುಗ್ಗಿ ಬಂತು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ತೆನೆ ತಂದು ಡಾಂಬರು ರಸ್ತೆಗೇ ಹಾಸುತ್ತಾರೆ, ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು. ಸಾವ್ಕಾರರು ಹತ್ತಿ ನೋಡಲು ದಿನಾ ಸವದತ್ತಿ ಕಡೆ ಹೋಗಿಬರುವರು. ಕಾರು ತೆನೆಯ ಮೇಲೆ ಹಾದಾಗಲೆಲ್ಲ ಹೊಟ್ಟು ಕೆಳಗಿನಿಂದ ಹಾರಿ, ಎಂಜಿನ್ನಿನ ಸಂದಿ ಸೇರಿ, ಬಾನೆಟ್ಟಿನ ಅಂಚಿನ ರಬ್ಬರಿನಲ್ಲಿ ತುಂಬಿಕೊಂಡಿತು. ಬಾನೆಟ್ ಕೂದಲೆಳೆಯಷ್ಟು ಮೇಲೆ ಕುಳಿತಿತು. ಬೆಳಿಗ್ಗೆ ನೆರಳಿನಲ್ಲಿ ತಣ್ಣಗಿದ್ದಾಗ ಏನೂ ಇಲ್ಲ. ಮಧ್ಯಾಹ್ನ ನೆರಳು ಸರಿದು, ತಗಡು ಕಾದು ಹಿಗ್ಗಿದರೆ ಆ ಗಿಡ್ಡ ಗುಂಡಿ ಬಿಟ್ಟುಕೊಂಡು ಸೈರನ್ ಶುರು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಎಲ್ಲರಿಗೂ ಕಂಡದ್ದು ಇಷ್ಟೇ: ಸಾವ್ಕಾರರು ಉಂಡು ಒಂದು ಕಣ್ಣು ನಿದ್ದೆ ತೆಗೆಯುವ ಹೊತ್ತಿಗೆ ಸರಿಯಾಗಿ ಕಾರು ಒದರುತ್ತದೆ, ಅವರು ಎದ್ದು ಓಡಿ ಬಂದರೆ ಹತ್ತಿರ ಹನುಮಪ್ಪ ಒಬ್ಬನೇ ಇದ್ದಾನೆ.

"ಗಾಡಿಗಿ ಯಾಕ ಕೈ ಹಚ್ಚತಿ?"

"ಹಚ್ಚಿಲ್ರಿ ಸಾವ್ಕಾರ್ರ."

"ಹಂಗಾರ ನಿನ್ನ ಮಾರಿ ನೋಡಿ ಒದರತೈತೇನು?"

ಐದು ದಿನ ಇದೇ ಮಾತು. ಒಳಗಿನ ಟೇಪ್ ರೆಕಾರ್ಡರಿನ ಮೇಲೆ ಅವನ ಕಣ್ಣಿದೆ ಎಂದು ಆರನೆಯ ದಿನ ಸಾವ್ಕಾರರೇ ತೀರ್ಮಾನಿಸಿದರು. ಗೇಟಿನ ಕೀಲಿಕೈ ಕಸಿದುಕೊಂಡು, ಕೂಲಿಗಳೆಲ್ಲ ನೋಡುತ್ತಿರುವಾಗಲೇ ಮನೆಗೆ ಕಳಿಸಿದರು. ಏನಾದರೂ ಕೆಡಿಸಿದ್ದಾನೇನೋ ನೋಡು ಎಂದು ಕಾರನ್ನು ಡ್ರೈವರ್ ಅಪ್ಪುವಿನ ಕೈಯಲ್ಲಿ ಶಂಕ್ರೆಪ್ಪನ ಅಂಗಡಿಗೆ ಅಟ್ಟಿದರು.

ಶಂಕ್ರೆಪ್ಪ ಬಾನೆಟ್ ಎತ್ತಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ರಬ್ಬರು ಕಿತ್ತು ಬಡಿದ, ಹೊಟ್ಟು ಊದಿ ತೆಗೆದ, ಜೀಪಿನ ಗುಂಡಿ ಬಿಚ್ಚಿ, ಹುಬ್ಬಳ್ಳಿಯಿಂದ ಬಂದು ಅಂಗಡಿಯಲ್ಲೇ ಬಿದ್ದಿದ್ದ ಸರಿಯಾದದ್ದನ್ನು ಕೂರಿಸಿದ. ಅರ್ಧ ತಾಸಿನ ಕೆಲಸ. ಹನುಮಪ್ಪನನ್ನು ಕೆಲಸದಿಂದ ಬಿಡಿಸಿದ ಸುದ್ದಿಯನ್ನು ಅಪ್ಪು ಹೇಳಿದ್ದು ಬಾನೆಟ್ ಮುಚ್ಚುವ ಹೊತ್ತಿಗೆ.

"ಏನಾಗಿತ್ತು ಮಿಸ್ತ್ರಿ?" ಎಂದು ಕೊನೆಗೆ ಕೇಳಿದ ಅಪ್ಪು.

"ಏನಿಲ್ಲ. ಕಸಾ ತುಂಬಿತ್ತು, ತಗದೇನಿ" ಅಂದ ಶಂಕ್ರೆಪ್ಪ.

ಮರುದಿನದಿಂದ ಕಾರು ಒದರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಸಾವ್ಕಾರರು ಸಿಕ್ಕಸಿಕ್ಕವರಿಗೆ ಹೇಳಿದರು: "ನೋಡ್ರಿ, ಅಂವ ಹೋದ, ಗಾಡಿ ಸುಮ್ಮನಾತು. ಇನ್ನೇನ ಸಾಕ್ಷಿ ಬೇಕು?" ಶಂಕ್ರೆಪ್ಪ ಅಚ್ಚುಕಟ್ಟಾಗಿ ಮಾಡಿದ ರಿಪೇರಿಯೇ ಹನುಮಪ್ಪನ ಮೇಲೆ ಸಾಕ್ಷಿಯಾಗಿ ನಿಂತಿತು. ಊರು ನಂಬಿತು. ನಾನೂ ನಂಬಿದೆ. ಬಸ್‌ಸ್ಟ್ಯಾಂಡಿನಲ್ಲಿ ಹನುಮಪ್ಪ ಕಾಯಿಪಲ್ಲೆಯ ಚೀಲ ಹೊರುವುದನ್ನು ಕಂಡು, ಈ ವಯಸ್ಸಿನಲ್ಲಿ ಇವನಿಗೆ ಈ ಬುದ್ಧಿ ಯಾಕೆ ಬಂತೋ ಅಂದುಕೊಂಡೆ.

ಹನ್ನೆರಡನೆಯ ದಿನ ಶಂಕ್ರೆಪ್ಪ ಮಾಳಿಗೆ ಹತ್ತಿ ಬಂದು, ಒಂದು ಮಷಿನ್ನಿನ ಮುಂದೆ ಕುಳಿತು ಎಲ್ಲ ಹೇಳಿದ. ಹೇಳುವಾಗ ಜೀಪಿನ ಗುಂಡಿಯನ್ನು ಅಂಗೈಯಲ್ಲಿ ಒತ್ತಿ ಬಿಡುತ್ತಿದ್ದ. "ಅವತ್ತ ಹೇಳಬೇಕಾಗಿತ್ರಿ ಮಾಸ್ತರ. ಸಾಕಾಗಿತ್ತು. ಇನ್ನೊಂದ ಮಾತ ಆಡೂದೂ ಬ್ಯಾಡ ಅನಿಸಿತ್ತು. ಇವತ್ತ ಅವನ ಮಾರಿ ನೋಡಿದೆ, ನನ್ನ ನೋಡಿ ನಕ್ಕನ್ರಿ ಅಂವ."

ಆಗ ನಾನು ಅಂದದ್ದನ್ನು ಬರೆಯಲೂ ನಾಚಿಕೆ. "ಈಗ ಹೇಳಿದ್ರ ನಿನ್ನ ಅಂಗಡಿ ಮುಚ್ಚತೈತಿ. ಅವಗ ಹ್ಯಾಂಗೂ ಕೆಲಸ ಸಿಕ್ಕೈತಿ. ಸುಮ್ನಿರು" ಅಂದೆ. ಅವನು ಮೇಲೆದ್ದ. "ನೀವು ಕಲಿಸೂ ಮಂದಿ" ಅಂದ. ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಜಿನ್ನಿಗೆ ಹೋಗಲು ಮೆಟ್ಟಿಲಿಳಿದ. ನಾನು ಅಂಗಿ ಹಾಕಿಕೊಂಡು ಅವನ ಹಿಂದೆ ಹೊರಟೆ.

ಜಿನ್ನಿನ ಆಫೀಸಿನಲ್ಲಿ ಸಾವ್ಕಾರರು ಚಹಾ ಕುಡಿಯುತ್ತಿದ್ದರು. ಶಂಕ್ರೆಪ್ಪ ಗುಂಡಿಯನ್ನು ಅವರ ಮುಂದಿಟ್ಟು, ಅದು ಎಲ್ಲಿಯದು, ಎಷ್ಟು ಗಿಡ್ಡ, ಜೋಳದ ಹೊಟ್ಟು ಎಲ್ಲಿ ಕುಳಿತಿತ್ತು, ಬಿಸಿಲಿಗೆ ಏನಾಗುತ್ತಿತ್ತು, ಒಂದೂ ಬಿಡದೆ ಹೇಳಿದ.

"ಹಂಗಾರ ಅಂವ ಹೋದ ಮ್ಯಾಲ ಹ್ಯಾಂಗ ನಿಂತ್ತು?"

"ನಾನ ನಿಲ್ಲಿಸಿದೆರಿ. ಅವತ್ತ ಮಧ್ಯಾಹ್ನ."

ಸಾವ್ಕಾರರ ಮುಖ ಕೆಂಪಾಯಿತು. "ಹನ್ನೆರಡ ದಿನಾ ಬಾಯಾಗ ಏನ ಕಡಬ ತುರಕೊಂಡಿದ್ದಿ? ಮಂದಿ ಮುಂದ ನನ್ನ ಸುಳ್ಳ ಮಾಡಿದೆಲ್ಲೋ!" ಅವರಿಗೆ ಹತ್ತಿದ್ದು ಆ ನೋವು. ಚಹಾದ ಕಪ್ಪು ಬದಿಗೆ ಸರಿಸಿ, "ಹನುಮಪ್ಪಗ ಬಾ ಅಂತ ಹೇಳು. ನೀ ಮಾತ್ರ ಇನ್ನ ನಮ್ಮ ಯಾವ ಗಾಡಿಗೂ ಕೈ ಹಚ್ಚಬ್ಯಾಡ" ಅಂದರು. ಶಂಕ್ರೆಪ್ಪ ಆಗಲಿರೀ ಎಂದು ಕೈ ಮುಗಿದ. ಅರ್ಧ ಅಂಗಡಿ ಹೋಯಿತು. ಆದರೂ ಹೊರಗೆ ಬಂದಾಗ ಅವನ ನಡಿಗೆ ಹಗುರಾಗಿತ್ತು. ಎಲ್ಲ ಸರಿಹೋಯಿತು ಎಂದೇ ಇಬ್ಬರೂ ತಿಳಿದೆವು.

ದೊಡವಾಡದ ಬಸ್ಸು ಹಿಡಿದು ಹೋದೆವು. ಹನುಮಪ್ಪ ಮನೆಯ ಕಟ್ಟೆಯ ಮೇಲೆ ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವನ ಹೆಂಡತಿ ಕೆಂಚವ್ವ ನೀರು ತಂದಿಟ್ಟಳು. ಶಂಕ್ರೆಪ್ಪ ನೀರು ಮುಟ್ಟದೆ, ನಿಂತುಕೊಂಡೇ ಹೇಳಿದ: "ತಪ್ಪ ನಂದು ಕಾಕಾ. ಗುಂಡಿ ಗಿಡ್ಡ ಹಾಕಿದ್ದೆ. ಗಾಡಿ ತಾನ ಒದರತಿತ್ತು. ನೀ ಮುಟ್ಟಿದ್ದಿಲ್ಲ."

ಹನುಮಪ್ಪ ಎಣ್ಣೆಗೈ ಹಾಗೇ ಹಿಡಿದು ಕುಳಿತ.

"ಖರೇನ ನಾ ಮುಟ್ಟಿದ್ದಿಲ್ಲ?" ಎಂದು ಕೇಳಿದ.

ನಾನು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಶಂಕ್ರೆಪ್ಪನೂ ನಿರೀಕ್ಷಿಸಿರಲಿಲ್ಲ.

"ಐದ ದಿನಾ ಇಲ್ಲ ಅಂದೆ. ಆಮ್ಯಾಲ ನನಗ ಸಂಶೇ ಬಂತು. ಉಂಡ ಮ್ಯಾಲ ಕಣ್ಣ ಎಳೀತಾವು. ನಿದ್ದಿಗಣ್ಣಾಗ ಎದ್ದು ಹೋಗಿ ಗಾಡಿಗಿ ಬೆನ್ನ ಹಚ್ಚಿರಬೇಕು ಅಂತ ಅನಿಸ್ತು. ಮಶಿನ್ನಿಗೆ ನನ್ನ ಮ್ಯಾಲ ಏನ ಸಿಟ್ಟ ಇರತೈತಿ, ಸುಳ್ಳ ಹೇಳಾಕ? ಇಕಿ ಮುಂದ ಒಪ್ಕೊಂಡೆ. ಸೋಮವಾರ ಬಸವಣ್ಣನ ಗುಡ್ಯಾಗ ನಿಂತು, ತಪ್ಪಾತಪ್ಪಾ ಅಂತ ಗಲ್ಲಾ ಗಲ್ಲಾ ಬಡಕೊಂಡ ಬಂದೇನಿ. ಈಗ ನೀ ಬಂದು ಮುಟ್ಟಿಲ್ಲ ಅಂತಿ. ದೇವರ ಮುಂದ ಮಾಡಲಾರದ ತಪ್ಪ ಒಪ್ಕೊಂಡ್ನೆಲ್ಲೋ ಶಂಕ್ರೆಪ್ಪಾ. ಆ ಸುಳ್ಳ ಯಾರ ಮ್ಯಾಲ?"

ಕೆಂಚವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

"ನನ್ನ ಮ್ಯಾಲ" ಅಂದ ಶಂಕ್ರೆಪ್ಪ. "ನಡೀ, ಈಗ ಹೋಗೂಣು."

ಗುಡಿ ಓಣಿಯ ಮೂಲೆಯಲ್ಲೇ ಇತ್ತು. ಬಸವಣ್ಣನ ಮುಂದೆ ನಿಂತು ಶಂಕ್ರೆಪ್ಪ ಎರಡೂ ಕೈ ಅಡ್ಡಡ್ಡ ಹಾಕಿ ಗಲ್ಲ ಬಡಿದುಕೊಳ್ಳತೊಡಗಿದ. ಶಾಸ್ತ್ರಕ್ಕೆ ಬಡಿದುಕೊಳ್ಳುವ ಹಾಗಿರಲಿಲ್ಲ, ಸಪ್ಪಳ ಹೊರಗೆ ಕೇಳುತ್ತಿತ್ತು. ನಾಲ್ಕೋ ಐದೋ ಏಟಿಗೆ ಹನುಮಪ್ಪ ಅವನ ಮುಂಗೈ ಹಿಡಿದ.

"ಸಾಕು. ಒಂದ ಗುಂಡಿ ಸಲುವಾಗಿ ಎಷ್ಟ ಮಂದಿ ಗಲ್ಲಾ ಬಡಕೊಳ್ಳೂದು?"

ಮೂವರೂ ಗುಡಿಯ ಮೆಟ್ಟಿಲ ಮೇಲೆ ಕುಳಿತೆವು. ನಾಳೆಯಿಂದ ಗೇಟಿಗೆ ಬಾ ಎಂದು ಸಾವ್ಕಾರರು ಹೇಳಿದ್ದನ್ನು ನಾನೇ ಹೇಳಿದೆ. ಹನುಮಪ್ಪ ಹೂಂ ಅಂದ. ಹೋಗದಿದ್ದರೆ ಅವನ ಮನೆ ನಡೆಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಏಳುವ ಮೊದಲು ಅವನು ನನ್ನ ಕಡೆ ತಿರುಗಿದ.

"ಬರತೇನ್ರಿ ಮಾಸ್ತರ. ಆದರ ಸಾವ್ಕಾರ್ರಿಗೆ ಒಂದ ಮಾತ ಹೇಳ್ರಿ. ಆ ಗಾಡಿ ನನ್ನ ಸ್ಟೂಲಿನ ಹಂತ್ಯಾಕ ನಿಲ್ಲಿಸೂದ ಬ್ಯಾಡ. ಇನ್ನೊಮ್ಮಿ ಒದರಿದ್ರ, ನಾ ಮುಟ್ಟಿಲ್ಲ ಅನ್ನಾಕ ನನ್ನ ಕಡೆ ಆಗೂದಿಲ್ಲ. ನಾನ ಮುಟ್ಟೇನಿ ಅಂದಬಿಡತೇನಿ."