ಸೋಸದೆ ಕುದಿಸಿದ ಸೋಯಾ

ಸ್ವೀಡನ್ನಿನ ಓರೆಬ್ರೂ ಪಟ್ಟಣದ ನಮ್ಮ ವಿದ್ಯಾರ್ಥಿ ನಿಲಯದಲ್ಲಿ ಒಂದು ಕಾರಿಡಾರಿಗೆ ಒಂದೇ ಅಡುಗೆಮನೆ. ನನ್ನ ಎದುರು ಕೋಣೆಯ ಹುಡುಗಿ ಚೀನಾದ ಬೆಟ್ಟಸೀಮೆಯವಳು, ತುಜಿಯಾ ಎಂಬ ಜನಾಂಗದವಳು. ಅಪ್ಪ ಅಮ್ಮ ದೂರದ ಪಟ್ಟಣದಲ್ಲಿ ದುಡಿಯುತ್ತಿದ್ದರಿಂದ ಅವಳನ್ನು ಸಾಕಿದ್ದು ಅಜ್ಜಿ. ಆ ಅಜ್ಜಿ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಓದು ಕೆಡಬಾರದೆಂದು ಮನೆಯವರು ಅವಳಿಗೆ ತಿಳಿಸಿರಲಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ಅಪ್ಪ ಫೋನಿನಲ್ಲಿ ಹೇಳಿದಾಗ ಮಣ್ಣು ಮಾಡಿ ಎಷ್ಟೋ ವಾರಗಳಾಗಿದ್ದವು. ಅಂದಿನಿಂದ ಅವಳು ಅಪ್ಪನ ಕರೆ ಎತ್ತಲಿಲ್ಲ. ಅತ್ತದ್ದನ್ನೂ ನಾನು ಕಾಣಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೆನೆಸಿದ ಸೋಯಾಕಾಳಿನ ಪಾತ್ರೆ ಹಿಡಿದು ನನ್ನ ಬಾಗಿಲು ತಟ್ಟಿದಳು.

"ನಿನ್ನ ಮಿಕ್ಸಿ ಕೊಡ್ತೀಯಾ? ಅಜ್ಜಿಗೆ ಅಡುಗೆ ಮಾಡ್ಬೇಕು."

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಮಾತ್ರ ಅವಳ ಮಾತು ಕನ್ನಡದಲ್ಲೇ ಕೇಳಿಸುತ್ತದೆ.

ಕಾಳು ನುಣ್ಣಗಾದಾಗ ಹಾಲು ಹಿಂಡಲೆಂದು ನಾನು ತೆಳುಬಟ್ಟೆ ತಂದೆ. ಅವಳು ಬೇಡವೆಂದಳು.

"ಸೋಸಬಾರ್ದು. ಚರಟದ ಸಮೇತ ಕುದಿಸ್ಬೇಕು, ಅದೇ ನಮ್ಮೂರ ಹೆಜಾ ಅನ್ನೋ ಅಡುಗೆ. ಹಸಿದವರು ಚರಟ ಎಸೀತಾರಾ ಅಂತಿದ್ಲು ಅಜ್ಜಿ."

ನೊರೆ ಉಕ್ಕಿದಾಗಲೆಲ್ಲ ತಣ್ಣೀರು ಚಿಮುಕಿಸುತ್ತ, ಹಸಿ ವಾಸನೆ ಹೋಗುವವರೆಗೂ ಕೈಯಾಡಿಸಿದಳು. ಅವರೂರಲ್ಲಿ ಇದಕ್ಕೆ ಮೂಲಂಗಿ ಸೊಪ್ಪು ಹಾಕುತ್ತಾರಂತೆ. ಇಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದು ಸುರುಟಿದ ಎಲೆಯ ಕೇಲ್ ಸೊಪ್ಪು. ಅದನ್ನೇ ಸಣ್ಣಗೆ ಹೆಚ್ಚುತ್ತಿದ್ದವಳು ತಟ್ಟನೆ ನಿಂತಳು.

"ಉಪ್ಪು ಯಾವಾಗ ಹಾಕ್ತಿದ್ಲು? ನೆನಪೇ ಬರ್ತಿಲ್ಲ."

"ನಿಮ್ಮಪ್ಪನಿಗೆ ಗೊತ್ತಿರಬಹುದಲ್ವಾ?" ಎಂದೆ.

ಅವಳು ಹೆಚ್ಚಿದ ಸೊಪ್ಪನ್ನೆಲ್ಲ ಪಾತ್ರೆಗೆ ಹಾಕಿದಳು. ಕೊನೆಗೆ ಕೈ ಒರೆಸಿಕೊಂಡು ಫೋನ್ ಮಾಡಿದಳು. ಅವರ ಭಾಷೆ ನನಗೆ ತಿಳಿಯದು. ಮೊದಲು ಅವಳ ದನಿ ಬಿಗಿಯಾಗಿತ್ತು. ಆಮೇಲೆ ಅತ್ತ ಕಡೆಯಿಂದ ಗಂಡಸೊಬ್ಬರು ಬಿಕ್ಕುವುದು ನನಗೂ ಕೇಳಿಸಿತು. ಅವಳು ನೆಲಕ್ಕೆ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ಏನು ಮಾಡಬೇಕೋ ತೋಚದೆ ನಾನು ಸೌಟು ತೆಗೆದುಕೊಂಡು, ತಳ ಹಿಡಿಯದಂತೆ ತಿರುವುತ್ತಾ ನಿಂತೆ.

ಫೋನಿಟ್ಟ ಮೇಲೆ ಹೇಳಿದಳು: "ಉಪ್ಪು ಕೊನೆಗಂತೆ." ಪಾತ್ರೆಗೆ ಉಪ್ಪು ಹಾಕುತ್ತಾ ಅಂದಳು: "ನಂಗೆ ಹೇಳ್ಬೇಡಿ ಅಂದಿದ್ದು ಅಜ್ಜಿನೇ ಅಂತೆ. ಇನ್ನು ಯಾರ ಮೇಲೆ ಕೋಪ ಮಾಡ್ಕೊಳ್ಳಲಿ?"

ಮೊದಲ ಬಟ್ಟಲನ್ನು ಕಿಟಕಿಯ ಬಳಿ ಇಟ್ಟು ತಲೆಬಾಗಿದಳು. ನಾನೂ ಕೈಮುಗಿದೆ. ಬಳಿಕ ಇಬ್ಬರೂ ಊಟಕ್ಕೆ ಕೂತೆವು. ನನ್ನ ನಾಲಿಗೆಗೆ ಅದು ಸಪ್ಪೆ. ಒಂದು ಒಗ್ಗರಣೆ ಕೊಡೋಣವೆಂದು ಕೈ ತುಡಿಯುತ್ತಿತ್ತು. ಹಾಗೇ ಬಟ್ಟಲು ಖಾಲಿ ಮಾಡಿದೆ.

ಆ ಬೇಸಿಗೆಯಲ್ಲಿ ಅವಳು ಊರಿಗೆ ಹೋದಳು. ವಿಮಾನ ನಿಲ್ದಾಣಕ್ಕೆ ಅಪ್ಪನೇ ಬಂದಿದ್ದರಂತೆ.