ನೂರಾ ಎಪ್ಪತ್ತು ವೋಲ್ಟಿನ ಸಲಹೆ

ದೇವದುರ್ಗದ ಮೀರಾಹುಸೇನನ ಬಗ್ಗೆ ಬರೆಯಬೇಕೆಂದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಬರೆಯದೆ ತಪ್ಪಿಸಿಕೊಂಡು ಓಡಾಡಿದೆ. ಇನ್ನು ಆಗುವುದಿಲ್ಲ.

ಮೀರಾಹುಸೇನನ ತಂದೆ ನಬೀಸಾಬ್ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದವರು. ಮಗ ಉರ್ದು ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಬಜಾರಿನಲ್ಲಿ ಒಂದು ಹೊರಸು ಹಾಕುವಷ್ಟು ಜಾಗದಲ್ಲಿ ಅಂಗಡಿ ಇಟ್ಟ. ಗಡಿಯಾರ, ಬ್ಯಾಟರಿ, ರೇಡಿಯೊ ರಿಪೇರಿ. ನಾನು ಉರುಕುಂದಪ್ಪ, ರಾಯಚೂರಿನ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್. ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆ ತರಿಸುತ್ತಿದ್ದೆ, ಅರ್ಧ ಅರ್ಥ ಮಾಡಿಕೊಂಡು ಉಳಿದರ್ಧವನ್ನು ಧೈರ್ಯದಿಂದ ತುಂಬಿಕೊಳ್ಳುತ್ತಿದ್ದೆ. ಸುತ್ತಲಿನ ಊರುಗಳ ಹವ್ಯಾಸಿಗಳು ಭಾನುವಾರ ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಎಲ್ಲರೂ ನನ್ನನ್ನು ಸರ್ ಎನ್ನುತ್ತಿದ್ದರು. ಕಾಲೇಜಿನಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

೧೯೭೬ರಲ್ಲಿ ಮೀರಾಹುಸೇನನಿಂದ ಒಂದು ಪೋಸ್ಟ್‌ಕಾರ್ಡು ಬಂತು. ತಾನು ಕಟ್ಟಿದ ಆಂಪ್ಲಿಫೈಯರು ಸದಾ ಗುಂಯ್ ಅನ್ನುತ್ತದೆ, ಏನು ಮಾಡಲಿ ಎಂದು ಕೇಳಿದ್ದ. ಅರ್ಥಿಂಗ್ ತಂತಿಗಳನ್ನೆಲ್ಲ ಒಂದೇ ಜಾಗಕ್ಕೆ ತಂದು ಬೆಸುಗೆ ಹಾಕು, ಟ್ರಾನ್ಸ್‌ಫಾರ್ಮರನ್ನು ಮೈಕಿನ ತಂತಿಯಿಂದ ಗೇಣು ದೂರ ಇಡು ಎಂದು ಬರೆದೆ. ಮುಂದಿನ ಭಾನುವಾರ ಆತ ಮೊದಲ ಬಸ್ಸಿಗೇ ಬಂದಿಳಿದ. ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ, ಮುಖದ ತುಂಬಾ ನಗು.

"ಗುಂಯ್ ಅನ್ನೋದು ಹೋತ್ರಿ ಸರ್. ಈಗ ಮೈಕ್ ಮುಂದ ನೊಣ ಹಾರಿದ್ರೂ ಕೇಳ್ತದ!"

ಆತನ ಕೈ ನನ್ನ ಕೈಗಿಂತ ಎಷ್ಟೋ ಚೊಕ್ಕ. ಹಳೆಯ ಅಲ್ಯೂಮಿನಿಯಂ ತಾಟು ಕತ್ತರಿಸಿ, ಪವರ್ ಟ್ರಾನ್ಸಿಸ್ಟರು ಬಿಸಿಯಾಗದಂತೆ ಅದರ ಬೆನ್ನಿಗೆ ಕಟ್ಟುತ್ತಿದ್ದ. ಹೊಸ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ ನಡುವೆ ನೂರು ವಾಟಿನ ಬಲ್ಬು ಸೇರಿಸಬೇಕು, ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಇದನ್ನು ನಾನೇ ಹೇಳಿಕೊಟ್ಟಿದ್ದೆ. ನಾನು ಅವಸರದಲ್ಲಿ ಮರೆಯುತ್ತಿದ್ದೆ, ಆತ ಒಂದು ದಿನವೂ ಮರೆಯಲಿಲ್ಲ.

ಆತನದು ಒಂದೇ ವಿಚಿತ್ರ. ಉರ್ದು ಬರೆದು ಬೆಳೆದ ಕೈಯಾದ್ದರಿಂದ ಸರ್ಕ್ಯೂಟನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದ. ಮೈಕು ಬಲಗಡೆ, ಸ್ಪೀಕರು ಎಡಗಡೆ. ನನ್ನ ಚಿತ್ರವನ್ನು ತನ್ನ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ ಒಂದು ಗೆರೆಯೂ ತಪ್ಪದಂತೆ ತಿರುಗಿಸಿಕೊಳ್ಳುತ್ತಿದ್ದ. ಕರೆಂಟಿಗೆ ಎಡಬಲ ಗೊತ್ತಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಕಟ್ಟೆ ತುಂಬಾ ಜನರಿದ್ದರೆ ಗೇಲಿ ಮಾಡದೆ ನನಗೆ ಶೇಂಗಾ ಜೀರ್ಣವಾಗುತ್ತಿರಲಿಲ್ಲ.

"ಮೀರಾನ ಮನಿಯಾಗ ಕರೆಂಟು ಹಿತ್ತಲ ಬಾಗಲದಿಂದ ಬರ್ತದ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆತನೂ ನಗುತ್ತಿದ್ದ.

ಈಗ ಆ ಸಲಹೆಯ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದರೆ ಇನ್ನೂರ ಮೂವತ್ತು ಇರಬೇಕಾದ ವೋಲ್ಟೇಜು ನೂರಾ ಎಪ್ಪತ್ತಕ್ಕೆ ಕುಸಿಯುತ್ತಿತ್ತು. ಆಂಪ್ಲಿಫೈಯರುಗಳು ನೆಗಡಿ ಬಂದವರಂತೆ ಕುಯ್ಯೋ ಅನ್ನುತ್ತಿದ್ದವು. ೧೯೭೮ರಲ್ಲಿ ನನಗೊಂದು ಉಪಾಯ ಹೊಳೆಯಿತು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ನೂರಾ ಎಪ್ಪತ್ತು ವೋಲ್ಟಿನ ಲೆಕ್ಕಕ್ಕೇ ಸುತ್ತಿಬಿಟ್ಟರೆ? ಸುತ್ತು ಕಡಿಮೆ, ತಂತಿ ಉಳಿತಾಯ, ಬಡಕಲು ಕರೆಂಟಿನಲ್ಲೂ ಸೆಟ್ಟು ಗಟ್ಟಿಯಾಗಿ ಕೂಗುತ್ತದೆ. ಚಿತ್ರ ಬರೆದು, ಮೂವತ್ತೈದು ವೋಲ್ಟಿನ ಕೆಪಾಸಿಟರು ಸಾಕು ಎಂದು ಪಕ್ಕದಲ್ಲಿ ಗುರುತು ಹಾಕಿ, ಇಬ್ಬರಿಗೆ ಕೊಟ್ಟೆ. ಒಬ್ಬ ಮಾನ್ವಿ ತಾಲೂಕಿನ ಚೀಕಲಪರ್ವಿಯ ಹುಸೇನಪ್ಪ, ಇನ್ನೊಬ್ಬ ಮೀರಾಹುಸೇನ.

ಮೀರಾಹುಸೇನ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದ, "ಸರ್, ಒಮ್ಮಿಂದೊಮ್ಮೆ ವೋಲ್ಟೇಜ್ ಏರಿದ್ರ?"

"ನಿಮ್ಮ ದೇವದುರ್ಗದ ಕಡಿಗಿ ಇನ್ನೂರ ಮೂವತ್ತು ಬಂದ ದಿನ ನಾ ಮೀಸಿ ಬೋಳಿಸ್ತೀನಿ ಹೋಗು" ಎಂದೆ. ಮತ್ತೆ ನಗು.

ದೇವದುರ್ಗದ ಹತ್ತಿರದ ಮಸರಕಲ್ಲಿನ ಬೂದೆಪ್ಪ ತನ್ನ ತಮ್ಮ ತಾಯಪ್ಪನ ಮದುವೆಗೆಂದು ಮೀರಾಹುಸೇನನಿಂದ ಮೈಕ್‌ಸೆಟ್ ಮಾಡಿಸಿದ. ಅದು ಮೀರಾಹುಸೇನ ಬೇರೆಯವರಿಗೆಂದು ಕಟ್ಟಿದ ಮೊದಲ ದೊಡ್ಡ ಸೆಟ್ಟು. ಕಾರ್ಖಾನೆಯ ಮಾಲು ಎನ್ನುವಂತೆ ಕರಿ ಬಣ್ಣ ಬಳಿದು, ಮುಂದೆ ತನ್ನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದ. ಮದುವೆಯ ಹಿಂದಿನ ದಿನ ಅಕಾಲದ ದೊಡ್ಡ ಮಳೆ ಬಿತ್ತು. ಹೊಲಗಳಿಗೆ ನೀರು ಬೇಕಿಲ್ಲವಾದ್ದರಿಂದ ಒಂದು ಪಂಪ್‌ಸೆಟ್ಟೂ ನಡೆಯಲಿಲ್ಲ. ತಂತಿಯಲ್ಲಿ ವೋಲ್ಟೇಜು ಇನ್ನೂರ ನಲವತ್ತು ದಾಟಿತು. ಅಕ್ಷತೆ ಹಾಕುವ ಹೊತ್ತಿಗೆ ಅಷ್ಟನ್ನು ತಾಳದೆ ಸೆಟ್ಟಿನೊಳಗೆ ಕೆಪಾಸಿಟರು ಢಂ ಎಂದು ಸಿಡಿಯಿತು. ಹೊಗೆ ಎದ್ದಿತು, ಅಕ್ಷತೆಯ ಜೊತೆ ಕೆಪಾಸಿಟರಿನೊಳಗಿನ ಸುಟ್ಟ ಕಾಗದದ ಚೂರುಗಳೂ ಮದುಮಕ್ಕಳ ಮೇಲೆ ಉದುರಿದವು. ಹೆದರಿದ ಮದುಮಗಳು ಅತ್ತಳಂತೆ. ಬೂದೆಪ್ಪ ಚಪ್ಪರದಲ್ಲೇ ನಿಂತು ಮೀರಾಹುಸೇನನಿಗೆ ಬಾಯಿಗೆ ಬಂದಂತೆ ಬೈದನಂತೆ.

ಅದು ಗುರುವಾರ. ಶುಕ್ರವಾರ ಚೀಕಲಪರ್ವಿಯ ಹುಸೇನಪ್ಪ ನನ್ನ ಬಳಿ ಬಂದ. ಹೊಳೆದಂಡೆಯ ಪಂಪುಗಳೆಲ್ಲ ನಿಂತ ಅದೇ ದಿನ ಅವನ ಸೆಟ್ಟೂ ಅದೇ ರೀತಿ ಸುಟ್ಟಿತ್ತು. ಅವನು ಕಟ್ಟಿದ್ದು ನನ್ನ ಕೈಯ ಚಿತ್ರವನ್ನೇ ನೋಡಿ, ಎಡದಿಂದ ಬಲಕ್ಕೆ. ತಪ್ಪು ಯಾರದು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಇನ್ನೂರ ಮೂವತ್ತಕ್ಕೆ ಸುತ್ತಿಸು ಎಂದು ಅವನಿಗೆ ಗುಟ್ಟಾಗಿ ಹೇಳಿ ಕಳಿಸಿದೆ.

ಭಾನುವಾರ ಮೀರಾಹುಸೇನ ಸುಟ್ಟ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದ. ಕಟ್ಟೆಯ ಮೇಲೆ ಐದಾರು ಜನರಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ನಾನು ಸೆಟ್ಟು ಬಿಚ್ಚಿ ನೋಡುವ ನಾಟಕ ಮಾಡಿ, ಆತನ ನೋಟ್‌ಬುಕ್ಕು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದೆ.

"ಉಲ್ಟಾ ಬರದ್ರ ಉಲ್ಟಾನೇ ಆಗ್ತದ. ಎಷ್ಟ ಸಲ ಹೇಳೀನಿ ನಿನಗ?"

ಈ ವಾಕ್ಯವನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆತ ವಾದಿಸಲಿಲ್ಲ. ವೋಲ್ಟೇಜು ಏರಿದರೆ ಏನೆಂದು ತಾನೇ ಕೇಳಿದ್ದನ್ನೂ ನೆನಪಿಸಲಿಲ್ಲ. ಗುರು ಸುಳ್ಳು ಹೇಳುತ್ತಾನೆ ಎನ್ನುವುದು ಆತನ ತಲೆಗೇ ಬರಲಿಲ್ಲ.

"ತಪ್ಪಾತ್ರಿ ಸರ್" ಎಂದು ಸೆಟ್ಟನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿದ. ಬೂದೆಪ್ಪನ ಮನೆಗೆ ಹೋಗಿ ಎಲ್ಲ ತನ್ನದೇ ತಪ್ಪು ಎಂದು ಕೈಮುಗಿದು ಬಂದನೆಂದು ಆಮೇಲೆ ತಿಳಿಯಿತು. ಮತ್ತೆ ನಮ್ಮ ಕಟ್ಟೆಗೆ ಬರಲಿಲ್ಲ.

ಎಂಟು ವರ್ಷ ಕಳೆಯಿತು. ನಾನು ಹೋಗಬಹುದಿತ್ತು, ಪೋಸ್ಟ್‌ಕಾರ್ಡನ್ನಾದರೂ ಬರೆಯಬಹುದಿತ್ತು. ನಾಳೆ ಎಂದೆ, ಯುಗಾದಿ ಕಳೆಯಲಿ ಎಂದೆ. ೧೯೮೬ರಲ್ಲಿ ಪರೀಕ್ಷೆಯ ಸಾಮಾನು ತಲುಪಿಸಲು ಕಾಲೇಜಿನವರು ನನ್ನನ್ನು ದೇವದುರ್ಗಕ್ಕೆ ಕಳಿಸಿದರು. ಕೆಲಸ ಬೆಳಿಗ್ಗೆಯೇ ಮುಗಿಯಿತು. ಕಾಲುಗಳು ತಾವಾಗಿಯೇ ಬಜಾರಿನ ಕಡೆ ನಡೆದವು.

ಅಂಗಡಿ ಅಷ್ಟೇ ಇತ್ತು. ಆದರೆ ಆಂಪ್ಲಿಫೈಯರಿನ ಸುಳಿವಿಲ್ಲ, ಬರೀ ಗಡಿಯಾರ, ಟಾರ್ಚು. ಹನ್ನೆರಡು ವರ್ಷದ ಮಗಳು ವಾಹಿದಾ ನೆಲದ ಮೇಲೆ ಕೂತು ಕಾಗದದಲ್ಲಿ ಬ್ಯಾಟರಿ, ಬಲ್ಬಿನ ಗೆರೆ ಎಳೆಯುತ್ತಿದ್ದಳು. ಅವಳೂ ಉರ್ದು ಶಾಲೆಯವಳು, ಬಲಗಡೆಯಿಂದ ಶುರು ಮಾಡಿದಳು. ಮೀರಾಹುಸೇನ ಅವಳ ಕೈ ಹಿಡಿದು ಎಡಕ್ಕೆ ಸರಿಸಿದ.

"ಹಿಂಗ ಬರೀಬ್ಯಾಡ ಬೇಟಿ. ನಾ ಹಿಂಗ ಬರದು ಒಂದ್ ಮದಿವಿ ಕೆಡಿಸೀನಿ."

ನಾನು ಅಲ್ಲೇ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ನೂರಾ ಎಪ್ಪತ್ತು, ಮೂವತ್ತೈದು ವೋಲ್ಟು, ಹುಸೇನಪ್ಪ, ಕಟ್ಟೆಯ ಮೇಲಿನ ಸುಳ್ಳು. ಆತ ಕಣ್ಣಿಗೆ ಸಿಕ್ಕಿಸಿದ್ದ ಗಡಿಯಾರದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. 

"ಇದನ್ನ ನನಗ್ಯಾಕ ಹೇಳ್ತೀರಿ ಸರ್? ಮಸರಕಲ್ಲಿಗಿ ಹೋಗಿ ಬೂದೆಪ್ಪಗ ಹೇಳ್ರಿ."

ಹೋದೆ. ಬೂದೆಪ್ಪ ಬೇವಿನ ಮರದ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನ ಕಥೆಯೆಲ್ಲ ಕೇಳಿ ಹುಬ್ಬು ಗಂಟಿಕ್ಕಿದ.

"ಮೈಕ್‌ಸೆಟ್ ಸುಟ್ಟಿತ್ತಾ? ಹೌದೇನೋ ಮಾರಾಯ. ತಾಯಪ್ಪನ ಮೂರ ಮಕ್ಳು ಸಾಲಿಗಿ ಹೊಂಟಾವ, ಈಗ ಯಾರು ನೆನಪಿಟ್ಗೊಂಡ ಕುಂತಾರ?" ಹಗ್ಗವನ್ನು ಬದಿಗಿಟ್ಟ. "ಮೀರಾಹುಸೇನ ಅಂದ್ರ ನಮ್ಮೂರ ಖುರ್ಷೀದ್ ಬೇಗಂ ಅಣ್ಣ ಹೌದಲ್ಲ? ಆತ ಈಗ ಭಾಳ ದೊಡ್ಡ ಮನಷ್ಯಾ ಬಿಡ್ರಿ. ತಂಗಿ ಮನಿಗಿ ಬರೋದ ಬಿಟ್ಟಾನ. ಆಕಿ ಮಗಳ ಮದಿವಿಗೂ ಬರಲಿಲ್ಲ. ಅಣ್ಣಗ ನಾವು ಬ್ಯಾಡಾದ್ವಿ ಅಂತ ಅಳ್ತಾಳ ಪಾಪ."

ಮದುವೆ ಕೆಡಿಸಿದ ನಾಚಿಕೆಗೆ ಆತ ಆ ಊರಿಗೇ ಕಾಲಿಟ್ಟಿಲ್ಲ ಎಂದು ಆಗ ಹೊಳೆಯಿತು. ತಂಗಿಯನ್ನು ಮಸರಕಲ್ಲಿಗೆ ಕೊಟ್ಟಿದ್ದನ್ನು ಮೀರಾಹುಸೇನ ನನಗೆ ಎಂದೂ ಹೇಳಿರಲಿಲ್ಲ. ನಾನೂ ಎಂದೂ ಕೇಳಿರಲಿಲ್ಲ. ಅಷ್ಟು ಭಾನುವಾರ ಬಂದವನಿಗೆ ಒಡಹುಟ್ಟಿದವರು ಎಷ್ಟು ಜನ ಎಂದೂ ಕೇಳದವನು ನಾನು.

ಸಂಜೆ ನಾಲ್ಕಕ್ಕೆ ದೇವದುರ್ಗಕ್ಕೆ ಮರಳಿ, ಬೂದೆಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಸೆಟ್ಟು ಸುಟ್ಟಿದ್ದನ್ನು ಮರೆತಿದ್ದಾರೆ ಎಂದಾಗ ಮೀರಾಹುಸೇನ ಕತ್ತು ಬಗ್ಗಿಸಿದ. ತಂಗಿ ಅಳುತ್ತಾಳೆ ಎಂದಾಗ ಎದ್ದು ನಿಂತ. ಹಗಲಿರುವಾಗಲೇ ಅಂಗಡಿಯ ಹಲಗೆ ಹಾಕಿದ, ಅಮ್ಮನಿಗೆ ಹೇಳೆಂದು ವಾಹಿದಾಳನ್ನು ಮನೆಗೆ ಕಳಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಹಿಂದೆಯೇ ಹೋದೆ.

"ನಾನೂ ಬರ್ತೀನಿ ಮೀರಾ. ತಪ್ಪು ನಂದಂತ ನಿನ್ನ ತಂಗಿ ಮುಂದ ನಾನೇ ಹೇಳ್ತೀನಿ."

ಆತ ತಿರುಗಿ ನೋಡಿದ. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಬ್ಯಾಡ್ರಿ ಸರ್. ಸೆಟ್ ಸುಟ್ಟಿದ್ದು ಯಾಕಂತ ಆಕಿ ಕೇಳಂಗಿಲ್ಲ. ಎಂಟು ವರ್ಷ ಯಾಕ ಬರ್ಲಿಲ್ಲ ಅಂತ ಕೇಳ್ತಾಳ. ಅದಕ್ಕ ನೀವೇನ್ ಹೇಳ್ತೀರಿ?"

ಬಸ್ಸು ಬಂತು. ಆತ ಹತ್ತಿ ಹೋದ.