ತಟ್ಟೆಯಲ್ಲಿ ಕಂಡ ಹುಳು

ಮೀನುಮರಿ ಸಾಕುವ ನಮ್ಮ ಕೇಂದ್ರದಲ್ಲಿ ನನ್ನ ಸೋದರಮಾವನನ್ನು ಎಲ್ಲರೂ ‘ತಟ್ಟೆ ಮಾಮ’ ಎನ್ನುತ್ತಿದ್ದರು. ತೊಟ್ಟಿಗೆ ಮರಿ ಬಿಡುವ ಮೊದಲು ತಳದಲ್ಲಿ ಬಲೆ ಎಳೆದು, ಬಂದ ಕೆಸರನ್ನು ಬಿಳಿ ತಟ್ಟೆಗೆ ಸುರಿದು ಹುಳು ಹುಡುಕುವುದು ಅವನ ಕೆಲಸ. ಅವನು “ಬಿಡಿ” ಅನ್ನುವವರೆಗೆ ಮ್ಯಾನೇಜರ್ ಕೂಡ ಕಾಯಲೇಬೇಕು. ಆ ಒಂದು ಮಾತಿನ ಜಂಬ ಮಾಮನಿಗೆ ಮೂವತ್ತು ವರ್ಷ ಇಳಿಯಲಿಲ್ಲ.

ನೀರಿನ ಮೇಲೆ ಸೋಪು, ಎಣ್ಣೆ ಹರಡಿದರೆ, ಮೇಲೆ ಬಂದು ಉಸಿರಾಡುವ ಹುಳುಗಳೆಲ್ಲ ಸಾಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಮಾತ್ರ ಜಪ್ಪಯ್ಯ ಅಂದರೂ ಸಾಯದು. ಅದರ ಉಸಿರಾಟವೆಲ್ಲ ನೀರೊಳಗೇ. ಕೆಸರಿನದೇ ಬಣ್ಣ. ಅಲುಗಾಡದೆ ಕೂತಿರುತ್ತದೆ. ಮೀನುಮರಿ ಹತ್ತಿರ ಸುಳಿದರೆ, ಮುಖದಡಿ ಮಡಚಿಟ್ಟ ತುಟಿಯನ್ನು ಕೈಯಂತೆ ಚಾಚಿ ಹಿಡಿದು, ಬಾಯಿಗೆಳೆದು ಜಗಿಯುತ್ತದೆ.

“ಅವಸರ ಅನ್ನೋದೇ ಇಲ್ಲ ಅದಕ್ಕೆ, ನಿಮ್ಮತ್ತೆ ಅಡುಗೆ ಮಾಡಿದ ಹಾಗೆ,” ಎಂದು ಮಾಮ ನಗುತ್ತಿದ್ದ.

ಈಚೆಗೆ ಅವನ ಕಣ್ಣು ಮಂಜಾಗಿದೆಯೆಂಬ ಗುಮಾನಿ ನನಗಿತ್ತು. ಕೇಳಿದರೆ ಸಿಡುಕುತ್ತಿದ್ದ. ಮ್ಯಾನೇಜರಿಗೆ ತಿಳಿದರೆ ಕೆಲಸ ಹೋಗುತ್ತದೆಂದು ನಾನೂ ಬಾಯಿ ಮುಚ್ಚಿಕೊಂಡೆ. ಮೇವು ಹಾಕುತ್ತಿದ್ದ ನನ್ನನ್ನು, ತಟ್ಟೆ ನೋಡುವಾಗ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದ. ಅಕ್ಕನ ಮಗಳೆಂಬ ಅಕ್ಕರೆ ಅಂದುಕೊಂಡೆ. ದಡ್ಡಿ ನಾನು.

ಆ ಬೆಳಿಗ್ಗೆ ಮ್ಯಾನೇಜರ್ ಎದುರಿಗೇ ನಿಂತಿದ್ದರು. ಮಾಮ ತಟ್ಟೆಯ ಮೇಲೆ ಬಗ್ಗಿ, ತುಸು ಹೊತ್ತು ತಡೆದು, “ಬಿಡಿ” ಅಂದ. ಅವನ ಹೆಬ್ಬೆರಳ ಪಕ್ಕದಲ್ಲೇ ನಾಲ್ಕು ಹುಳು ಕೆಸರಿಗಂಟಿ ಕೂತಿದ್ದವು. ಹೇಳಿದರೆ ಎಲ್ಲರೆದುರು ಮಾಮನ ಮಾನ ಹೋಗುತ್ತದೆ. ನಾಲ್ಕೇ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರಿಗಳನ್ನು ಬಿಟ್ಟರು.

ಬಲೆಗೆ ನಾಲ್ಕು ಸಿಕ್ಕರೆ ತಳದಲ್ಲಿ ಎಷ್ಟಿರುತ್ತವೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ವಾರದ ಮೇಲೆ ಬಲೆ ಎಳೆದಾಗ ಮರಿಗಳು ಬೆರಳೆಣಿಕೆಯಷ್ಟು. ಹುಳುಗಳು ಮಾತ್ರ ಕೊಬ್ಬಿದ್ದವು. ಮ್ಯಾನೇಜರ್ ಬೈಯಲೂ ಇಲ್ಲ.

“ನಾಳೆಯಿಂದ ಮನೇಲೇ ಇರಿ,” ಅಂದರು, ಅಷ್ಟೆ.

ಮಾಮ ತಟ್ಟೆ ತೊಳೆದು, ಒರೆಸಿ, ನನ್ನ ಕೈಗಿಟ್ಟ. ನನಗೆ ತಡೆಯಲಾಗಲಿಲ್ಲ.

“ಮಾಮ, ಅವತ್ತು ನಂಗೆ ಹುಳು ಕಂಡಿತ್ತು. ಎಲ್ರ ಮುಂದೆ ನಿನ್ನ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಿದ್ದೆ.”

ಅವನು ನನ್ನ ಮುಖವಿದ್ದ ಕಡೆಗೆ ತಿರುಗಿದ.

“ನಂಗೆ ಏನೂ ಕಾಣಿಸ್ತಿರಲಿಲ್ಲ ಕಣಮ್ಮ. ಇದ್ದಿದ್ರೆ ನೀನು ಹೇಳ್ತಿದ್ದೆ ಅಂತಲೇ ‘ಬಿಡಿ’ ಅಂದೆ.”